ಕಾಲೇಜಿನ ನಿಯಮಗಳು ಮತ್ತು ನಮ್ಮ ಅರ್ಜಿಗಳು



ಈ ವರ್ಷ ಹನ್ನೆರಡನೇ ಮುಗಿಸಿ ಕಾಲೇಜಿಗೆ ಹೊರಟಿರುವ ತಮ್ಮ-ತಂಗಿಯರು, ಅವರ ಕಾಗದಪತ್ರ ಹಿಡಿದು ತಲಾಠಿ, ಸೇತು ಕೇಂದ್ರ ಅಂತ ಓಡಾಡುತ್ತಿರುವ ಅಪ್ಪ-ಅವ್ವಂದಿರು ಇದನ್ನು ಓದಬೇಕೆಂದು ಬರೆಯುತ್ತಿದ್ದೇನೆ. "ನೀ ಇತಿಹಾಸ ಓದಾಕತ್ತೀದಿ, ಬಾಬಾಸಾಹೇಬರ ಶಿಕ್ಷಣದ ಮ್ಯಾಲ ಬರಿ" ಅಂತ ಸಂಘದ ಹಿರಿಯರು ಹೇಳಿದರು. ಅವರು ಎಷ್ಟು ಪದವಿ ಪಡೆದರು ಅನ್ನೋದನ್ನು ಪ್ರತಿ ಏಪ್ರಿಲ್ 14ಕ್ಕೆ ಮೈಕಿನಾಗ ಕೇಳ್ತೀವಿ. ಆ ಪದವಿಗಳ ನಡುವೆ ಎಷ್ಟು ನಿಯಮ ಅಡ್ಡ ಬಂದವು, ಯಾರು ದಾರಿ ತೋರಿಸಿದರು, ಎಲ್ಲೆಲ್ಲಿ ಪರವಾನಗಿ ಕೇಳಬೇಕಾಯಿತು ಅನ್ನೋದನ್ನು ಯಾರೂ ಹೇಳೋದಿಲ್ಲ. ಹೊಸದಾಗಿ ಕಾಲೇಜಿಗೆ ಹೋಗುವವರಿಗೆ ಬೇಕಾದದ್ದು ಅದೇ.

ಮೊದಲನೆಯದು ವಿಷಯದ ಆಯ್ಕೆ. ಭೀಮರಾಯರಿಗೆ ಶಾಲೆಯಲ್ಲಿ ಸಂಸ್ಕೃತ ಕಲಿಯುವ ಆಸೆ ಇತ್ತು. ಅಸ್ಪೃಶ್ಯ ಹುಡುಗನಿಗೆ ಕಲಿಸಲು ಒಪ್ಪಲಿಲ್ಲ, ಹಾಗಾಗಿ ಪರ್ಶಿಯನ್ ತೆಗೆದುಕೊಳ್ಳಬೇಕಾಯಿತು. 1907ರಲ್ಲಿ ಮ್ಯಾಟ್ರಿಕ್ ಪಾಸಾದರು. ಮುಂದೆ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುವಾಗ ಮನೆಯಲ್ಲಿ ಹಣವಿರಲಿಲ್ಲ. ಆಗ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಶಿಕ್ಷಕರು ಅವರನ್ನು ಬಡೋದೆಯ ಸಯಾಜಿರಾವ್ ಮಹಾರಾಜರ ಹತ್ತಿರ ಕರೆದುಕೊಂಡು ಹೋದರು. ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಮಂಜೂರಾಯಿತು. 1912ರಲ್ಲಿ ಬಿ.ಎ. ಮುಗಿಯಿತು. ಕೇಳುಸ್ಕರ್ ಗುರುಗಳ ಫೋಟೊ ಜಯಂತಿಯ ಬ್ಯಾನರಿನಾಗ ನಾನಂತೂ ನೋಡಿಲ್ಲ. ಆದರೆ ಯಾವ ಬಾಗಿಲು ಬಡಿಬೇಕು, ಯಾರ ಮುಂದ ನಿಲ್ಲಬೇಕು ಅಂತ ಗೊತ್ತಿದ್ದ ಒಬ್ಬ ಮನುಷ್ಯ ಜೊತೆಗೆ ಬಂದಿದ್ದರಿಂದಲೇ ಆ ಹುಡುಗನ ಕಾಲೇಜು ನಿಲ್ಲಲಿಲ್ಲ. ಈಗ ಕಾಲೇಜುಗಳಲ್ಲಿ ಮಾರ್ಗದರ್ಶಕ ಪ್ರಾಧ್ಯಾಪಕರು ಅಂತ ಹೆಸರು ಹಚ್ಚಿ ಬೋರ್ಡಿಗೆ ಹಾಕ್ತಾರ. ನಮ್ಮ ಹುಡುಗರು ಅವರ ಕೋಣೆಗೆ ಹೋಗೋದೇ ಇಲ್ಲ. ಹೋಗ್ರಿ.

1913ರ ಜೂನ್ 4ರಂದು ಬಡೋದೆ ಸರ್ಕಾರದ ಜೊತೆ ಕರಾರು ಆಯಿತು. ಅಮೆರಿಕದಲ್ಲಿ ಮೂರು ವರ್ಷದ ಓದಿಗೆ ಹಣ, ಬದಲಿಗೆ ತಿರುಗಿ ಬಂದು ಹತ್ತು ವರ್ಷ ಸಂಸ್ಥಾನದ ನೌಕರಿ. ಕೊಲಂಬಿಯಾದಲ್ಲಿ 1915ಕ್ಕೆ ಎಂ.ಎ. ಆಯಿತು. ಅವಧಿ ಮುಗಿಯುತ್ತ ಬಂದಾಗ ಲಂಡನ್ನಿನಲ್ಲಿ ಓದು ಮುಂದುವರಿಸಲು ಸಮಯ ಕೇಳಿದರು, ಸ್ವಲ್ಪ ಸಿಕ್ಕಿತು. 1917ರಲ್ಲಿ ವೇತನ ನಿಂತಿತು, ವಾಪಸ್ ಬರಬೇಕೆಂದು ಕರೆ ಬಂತು. ಓದು ಅರ್ಧಕ್ಕೇ ಇತ್ತು.

ಇಲ್ಲಿ ಸ್ವಲ್ಪ ನಿಂತು ನೋಡ್ರಿ. ಇಂಥ ಹೊತ್ತಿನಲ್ಲಿ ನಾವೇನು ಮಾಡ್ತೀವಿ? ಫೀ ತುಂಬಲಿಕ್ಕೆ ಆಗಲಿಲ್ಲ ಅಂತ ಯಾರಿಗೂ ಹೇಳದೆ ಕಾಲೇಜು ಬಿಡ್ತೀವಿ, ಪುಣೆಗೆ ದುಡಿಯಾಕ ಹೋಗ್ತೀವಿ. ಎರಡು ವರ್ಷದ ಮ್ಯಾಲ ಬಂದು ಕೇಳಿದರ ರಜಿಸ್ಟರಿನಾಗ ಹೆಸರೇ ಇರೋದಿಲ್ಲ. ಅವರು ಹಾಗೆ ಎದ್ದು ಬರಲಿಲ್ಲ. 1917ರ ಅಕ್ಟೋಬರಿನಿಂದ ನಾಲ್ಕು ವರ್ಷದ ಒಳಗೆ ತಿರುಗಿ ಬಂದು ಓದು ಮುಂದುವರಿಸಬಹುದು ಅಂತ ಲಂಡನ್ ವಿಶ್ವವಿದ್ಯಾಲಯದ ಪರವಾನಗಿ ಪಡೆದು ಹಡಗು ಹತ್ತಿದರು. ಬಡೋದೆಯಲ್ಲಿ ಅವರಿಗೆ ಇರಲು ಮನೆ ಸಿಗದ ಕತೆ ನಿಮಗೆಲ್ಲ ಗೊತ್ತು. 1918ರಲ್ಲಿ ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು, ಪಗಾರದಲ್ಲಿ ಉಳಿಸಿದರು. ಕೊಲ್ಲಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಅವರಿಂದ ಸಾಲ ಕೂಡಿಸಿಕೊಂಡು 1920ರಲ್ಲಿ, ಅವಧಿ ತೀರುವ ಮೊದಲೇ, ಲಂಡನ್ನಿಗೆ ಹೋದರು. ಆ ಪರವಾನಗಿ ಇರದಿದ್ದರೆ ಮತ್ತೆ ಮೊದಲಿನಿಂದ ಪ್ರವೇಶಕ್ಕೆ ನಿಲ್ಲಬೇಕಾಗುತ್ತಿತ್ತು.

1921ಕ್ಕೆ ಎಂ.ಎಸ್ಸಿ. 1922ರಲ್ಲಿ ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧ ಕೊಟ್ಟಾಗ ಪರೀಕ್ಷಕರು ಅದನ್ನು ಹಾಗೇ ಒಪ್ಪಲಿಲ್ಲ, ತಿದ್ದಿ ಕೊಡಿರಿ ಅಂದರು. ತಿದ್ದಿ ಕೊಟ್ಟ ಮೇಲೆ 1923ರಲ್ಲಿ ಡಿ.ಎಸ್ಸಿ. ಬಂತು. ಒಂದು ವಿಷಯ ಉಳಿದರೆ ಮೋತಿ ಸಣ್ಣದು ಮಾಡಿಕೊಂಡು ಕೂಡುವವರು ಇದನ್ನು ನೆನಪಿನಾಗ ಇಡ್ರಿ. ಎ.ಟಿ.ಕೆ.ಟಿ. ಅಂದರೆ ಏನು ಅಂತ ಬಹಳ ಮಂದಿಗೆ ಗೊತ್ತಿಲ್ಲ. ಅಲೌಡ್ ಟು ಕೀಪ್ ಟರ್ಮ್ಸ್, ಅಂದರೆ ಕೆಲವು ವಿಷಯ ಬಾಕಿ ಇದ್ದರೂ ಮುಂದಿನ ವರ್ಷಕ್ಕೆ ಕೂಡ್ರಲು ಅನುಮತಿ. ಅದು ಅನುಮತಿಯ ಹೆಸರು, ಫೇಲಿನ ಹೆಸರಲ್ಲ. ಟರ್ಮ್ ತುಂಬುವುದು ಅನ್ನೋದು ವಿಲಾಯತಿಯ ಮಾತು. ಬ್ಯಾರಿಸ್ಟರ್ ಆಗುವವರು ಗ್ರೇಸ್ ಇನ್ನಿನಲ್ಲಿ ಇಂತಿಷ್ಟು ಸಲ ಊಟಕ್ಕೆ ಕೂತರೇನೆ ಟರ್ಮ್ ತುಂಬಿದ ಲೆಕ್ಕ! ನಮಗೆ ಊಟದ ಬದಲು ಹಾಜರಿ ಕೇಳ್ತಾರ, ನೂರಕ್ಕೆ 75.

ಇನ್ನು ನಮ್ಮ ಸೊಲ್ಲಾಪುರಕ್ಕೆ ಬರೋಣ. 1924ರಲ್ಲಿ ಬಾಬಾಸಾಹೇಬರು ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಆ ಸಭೆ ಮಾಡಿದ ಮೊದಮೊದಲ ಕೆಲಸಗಳಲ್ಲಿ ಒಂದು, 1925ರ ಜನವರಿ 4ರಂದು ಸೊಲ್ಲಾಪುರದಲ್ಲಿ ತೆರೆದ ವಸತಿಗೃಹ. ಹೈಸ್ಕೂಲಿನ ನಮ್ಮ ಹುಡುಗರಿಗೆ ಅಲ್ಲಿ ಊಟ, ಬಟ್ಟೆ, ವಹಿ-ಪುಸ್ತಕ. ಸೊಲ್ಲಾಪುರ ಮುನಸಿಪಾಲ್ಟಿ ಅದಕ್ಕೆ 40 ರೂಪಾಯಿ ಅನುದಾನ ಕೊಟ್ಟಿತು. ಅದಕ್ಕೀಗ ನೂರು ವರ್ಷ ದಾಟಿತು. ಮುಂಬೈ, ಪುಣೆ ಅಲ್ಲ, ಗಿರಣಿಯ ಊರು ಸೊಲ್ಲಾಪುರ. ಈ ಮಾತನ್ನು ನಮ್ಮ ಮಂದಿ ಇನ್ನೂ ಸ್ವಲ್ಪ ಜೋರಾಗಿ ಹೇಳಬೇಕು ಅಂತ ನನಗ ಅನಸ್ತದ. ಇವತ್ತು ಸರ್ಕಾರಿ ವಸತಿಗೃಹದಲ್ಲಿ ಜಾಗ ಸಿಗದಿದ್ದವರಿಗೆ ಸ್ವಾಧಾರ್ ಯೋಜನೆ ಅಂತ ಇದೆ, ಸಮಾಜ ಕಲ್ಯಾಣ ಕಚೇರಿಯಲ್ಲಿ ಕೇಳಬೇಕು. ಜಾಗ ಸಿಗಲಿಲ್ಲ ಅಂತ ಮನೆಗೆ ಬಂದು ಕೂಡಬ್ಯಾಡ್ರಿ.

ಹೈಸ್ಕೂಲ್ ಆಯಿತು, ಕಾಲೇಜಿಗೆ ಏನು? ಬಾಬಾಸಾಹೇಬರು ವೈಸರಾಯರ ಮಂಡಳಿಯಲ್ಲಿದ್ದಾಗ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ವರ್ಷಕ್ಕೆ 3 ಲಕ್ಷ ರೂಪಾಯಿ ಬೇಕೆಂದು ಹಟ ಹಿಡಿದು ಪಡೆದರು. 1944ರಲ್ಲಿ ಶುರುವಾದ ಆ ಯೋಜನೆಯೇ ಇವತ್ತಿನ ಮ್ಯಾಟ್ರಿಕೋತ್ತರ ವಿದ್ಯಾರ್ಥಿವೇತನ. ಮಹಾಡಿಬಿಟಿಯಲ್ಲಿ ನೀವು ತುಂಬುವ ಫಾರ್ಮಿನ ಹಿಂದೆ ಈ ಇತಿಹಾಸ ಇದೆ. ಕುಟುಂಬದ ವರಮಾನ ವರ್ಷಕ್ಕೆ ಎರಡೂವರೆ ಲಕ್ಷದ ಒಳಗಿದ್ದರೆ ಅದು ನಿಮ್ಮ ಹಕ್ಕು. ಫುಕಟ ತಗೋತಾರ ಅಂತ ಯಾರಾದರೂ ಅಂದರೆ 1944 ಅಂತ ಹೇಳ್ರಿ. ಎರಡು ವರ್ಷಕ್ಕೆ, 1946ರಲ್ಲಿ, ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ಶುರುವಾಯಿತು. ದುಡಿಯುವ ಹುಡುಗರು ಕೆಲಸಕ್ಕೆ ಹೋಗುವ ಮೊದಲು ಕಲಿಯಲೆಂದು ಅಲ್ಲಿ ಮುಂಜಾನೆ ತರಗತಿ ಇಟ್ಟರು. ಹುಡುಗರ ಬದುಕು ನೋಡಿ ವೇಳಾಪಟ್ಟಿ ಮಾಡಿದರು.

ನಿಯಮ ಮಾಡುವ ವಿಶ್ವವಿದ್ಯಾಲಯ ಮಾತ್ರ ನಮಗೆ ದೂರವೇ ಇತ್ತು. ಮೊದಲು ಮುಂಬೈ, 1949ರಿಂದ ಪುಣೆ, 1962ರಿಂದ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯ. ಸೊಲ್ಲಾಪುರಕ್ಕೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 2004ರಲ್ಲಿ. ಜತ್ತದವರು ಇಂದಿಗೂ ಕೊಲ್ಲಾಪುರಕ್ಕೇ ಹೋಗಬೇಕು.

ಈಗ ಹೊಸ ಶಿಕ್ಷಣ ನೀತಿ ಬಂದಿದೆ. ಮೇಜರ್, ಮೈನರ್, ಕ್ರೆಡಿಟ್ ಅಂತ ಕೇಳಿ ಗಾಬರಿಯಾಗಬೇಡಿ. ಅದರಲ್ಲಿ ನಮಗೆ ಮುಖ್ಯವಾದ ಮಾತು ಒಂದಿದೆ: ಒಂದು ವರ್ಷ ಓದಿ ಬಿಟ್ಟರೂ, ಬೇಕಾದ ಕ್ರೆಡಿಟ್ ಗಳಿಸಿದ್ದರೆ, ಪ್ರಮಾಣಪತ್ರ ಸಿಗುತ್ತದೆ. ಮೂರು ವರ್ಷದ ಒಳಗೆ ತಿರುಗಿ ಬರಬಹುದು, ಒಟ್ಟು ಏಳು ವರ್ಷದಲ್ಲಿ ಪದವಿ ಮುಗಿಸಬೇಕು. ಲಂಡನ್ನಿನ ಆ ನಾಲ್ಕು ವರ್ಷ ನೆನಪಾಗುವುದಿಲ್ಲವೇ? ಆದರೂ ನನಗೊಂದು ಅಂಜಿಕೆ ಇದೆ. ಬಿಡುವ ಬಾಗಿಲನ್ನು ಮೊದಲು ದಾಟುವವರು ಬಡವರ ಮಕ್ಕಳು, ಅದರಾಗೂ ಹೆಣ್ಣುಮಕ್ಕಳು. ತಿರುಗಿ ಬರುವ ಬಾಗಿಲು ಎಲ್ಲಿದೆ ಅಂತ ಹೋಗುವಾಗಲೇ ಕೇಳಿಕೊಂಡು, ಬರೆಸಿಕೊಂಡು ಹೋಗಬೇಕು.

ಕಡೆಗೆ ನಮ್ಮ ಗಡಿಯವರದೇ ಒಂದು ತೊಡಕು. ಜಾತಿ ಪ್ರಮಾಣಪತ್ರಕ್ಕೆ 1950ರ ಆಗಸ್ಟ್ 10ರ ಹಿಂದಿನ ದಾಖಲೆ ಕೇಳ್ತಾರ. ರಾಷ್ಟ್ರಪತಿಗಳು ಪರಿಶಿಷ್ಟ ಜಾತಿಗಳ ಪಟ್ಟಿ ಹೊರಡಿಸಿದ ದಿನ ಅದು. ಆ ದಿನ ನಿಮ್ಮ ಅಜ್ಜ ಯಾವ ಊರಿನಲ್ಲಿದ್ದ ಅನ್ನೋದು ಪ್ರಶ್ನೆ. ಅಕ್ಕಲಕೋಟೆ, ಜತ್ತ ಎರಡೂ 1948ರವರೆಗೆ ಸಂಸ್ಥಾನಗಳು, ಹಳೆ ಕಾಗದ ಕೆಲವು ಮೋಡಿಯಲ್ಲಿ, ಶಾಲೆ ದಾಖಲೆ ಕೆಲವು ಕನ್ನಡದಲ್ಲಿ. ಒಂದೇ ಮನೆತನದ ಹೆಸರು ಮರಾಠಿಯಲ್ಲಿ ಒಂದು ತರಹ, ಕನ್ನಡದಲ್ಲಿ ಇನ್ನೊಂದು ತರಹ. ಮಹಾರಾಷ್ಟ್ರದ ಪಟ್ಟಿಯಲ್ಲಿ ಹೊಲೆಯ, ಮಾದಿಗ ಹೆಸರುಗಳೂ ಇವೆ, ಮಹಾರ, ಮಾಂಗ ಕೂಡ ಇವೆ. ನಿಮ್ಮ ಅಜ್ಜನ ದಾಖಲೆಯಲ್ಲಿ ಯಾವುದಿದೆಯೋ ಅದನ್ನೇ ಬರೆಸಬೇಕು. ಅವ್ವನ ತವರು ಇಂಡಿ, ಆಳಂದ ಕಡೆ ಇದ್ದರೆ ಅಲ್ಲಿಯ ಕಾಗದ ಇಲ್ಲಿ ನಡೆಯೋದಿಲ್ಲ, ಅಪ್ಪನ ಕಡೆಯದು ಹುಡುಕಬೇಕು. ಅಜ್ಜನ ಶಾಲೆ ಬಿಟ್ಟ ದಾಖಲೆ, ತಹಸೀಲಿನಲ್ಲಿ ಹಳೆಯ ಕೋತವಾಲ ಬುಕ್ಕಿನ ಜನನ ನೋಂದಣಿ, ಎರಡರ ನಕಲು ತೆಗೆಸಿ ಇಡ್ರಿ. ವೃತ್ತಿಪರ ಕೋರ್ಸಿಗೆ ಹೋಗುವವರಿಗೆ ಇದರ ಮೇಲೆ ವ್ಯಾಲಿಡಿಟಿ ಬೇರೆ ಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಹನ್ನೊಂದನೇಯಲ್ಲಿದ್ದಾಗಲೇ ಅರ್ಜಿ ಹಾಕಬೇಕು.

ಇಷ್ಟು ಕಷ್ಟಪಟ್ಟು ತಂದ ಮೂಲ ಕಾಗದಗಳನ್ನು ಕಾಲೇಜಿನ ಕ್ಲಾರ್ಕ್ "ಇಲ್ಲೇ ಇರಲಿ ಬಿಡ್ರಿ" ಅಂದರೆ ಬಿಟ್ಟು ಬರಬೇಡಿ. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ತನ್ನ ಹತ್ತಿರ ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ತೋರಿಸ್ರಿ, ಝೆರಾಕ್ಸ್ ಕೊಡ್ರಿ, ಮೂಲ ಕಾಗದ ತಿರುಗಿ ತಗೊಂಡು ಬರ್ರಿ.