ಹಡಗಿಗೆ ಸಿಡಿಲು ಬಡಿದರೆ?

ನಾನಿರೋ ವಟ್ವಾದಿಂದ ದಕ್ಷಿಣಕ್ಕೆ ರೈಲು ಹತ್ತಿದ್ರೆ ಸೂರತ್. 1736ರಲ್ಲಿ ಲವ್‌ಜಿ ವಾಡಿಯಾ ಹಡಗು ಕಟ್ಟೋಕೆ ಬೊಂಬಾಯಿಗೆ ಹೋದದ್ದು ಅಲ್ಲಿಂದಲೇ. ಅವರ ಮನೆತನ ಬ್ರಿಟಿಷ್ ನೌಕಾಪಡೆಗೆ 1817ರಲ್ಲಿ ಕಟ್ಟಿಕೊಟ್ಟ ತೇಗದ ಟ್ರಿಂಕೋಮಲಿ ಇವತ್ತಿಗೂ ತೇಲ್ತಾ ಇದೆ. ಆದ್ರೆ ಎಂಥಾ ಹಡಗಾದರೂ ಸಿಡಿಲಿಗೆ ಮರ ಮರವೇ. ಹಾಯಿಕಂಬದೊಳಗಿನ ತೇವ ಕ್ಷಣದಲ್ಲಿ ಆವಿಯಾಗಿ ಕಂಬವೇ ಸಿಡಿಯುತ್ತೆ.

ಆಗ ಮಿಂಚು ತಡೆಯೋ ಸರಪಳಿ ಇರಲಿಲ್ವಾ? ಇತ್ತು, ಎಷ್ಟೋ ಸಲ ಪೆಟ್ಟಿಗೆಯಲ್ಲೇ! ಮೋಡ ಕವಿದ ಮೇಲೆ ಅದನ್ನು ಕಂಬದ ತುದಿಗೆ ಏರಿಸಬೇಕು. ಬಿರುಗಾಳಿಯಲ್ಲಿ ಯಾರು ಏರಿಸ್ತಾರೆ ಹೇಳಿ. (ಕೈಯಾರೆ ಆನ್ ಮಾಡಬೇಕಾದ ಬ್ಯಾಕಪ್ ಥರ.)

ಪ್ಲಿಮತ್‌ನ ವೈದ್ಯ ವಿಲಿಯಂ ಸ್ನೋ ಹ್ಯಾರಿಸ್ 1820ರಲ್ಲಿ ಹೇಳಿದ್ದು ಇಷ್ಟೇ: ತಾಮ್ರದ ಪಟ್ಟಿಯನ್ನು ಕಂಬದಲ್ಲೇ ಕಾಯಂ ಕೂರಿಸಿ, ತಳದವರೆಗೆ ಒಯ್ದು ಸಮುದ್ರಕ್ಕೆ ಮುಟ್ಟಿಸಿ. ಡಾರ್ವಿನ್ ಹೋದ ಬೀಗಲ್‌ನಲ್ಲಿ ಅದನ್ನು ಪರೀಕ್ಷೆಗೆ ಹಾಕಿದ್ರು. ನೌಕಾಪಡೆ ಪೂರ್ತಿ ಒಪ್ಪಿದ್ದು 1842ರಲ್ಲಿ. ಅಷ್ಟರಲ್ಲಿ ಹ್ಯಾರಿಸ್ ಸಿಡಿಲು ಬಡಿದ ಹಡಗುಗಳ ಪಟ್ಟಿ ಮಾಡ್ತಾನೇ ಇದ್ರು: ಯಾವ ಹಡಗು, ಎಲ್ಲಿ, ಎಷ್ಟು ಜನ ಸತ್ತರು ಅಂತ.