ಅನುದಾನದ ರೊಕ್ಕ ಮತ್ತು ಲೆಕ್ಕ ಕೇಳುವ ಪದ್ಧತಿ



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಸಂಚಿಕೆಯಲ್ಲಿ ಸಂಘದ ಏಳಿಗೆಯ ಬಗ್ಗೆ ಹಿರಿಯರು ಬರೆದಿದ್ದಾರೆ. ನಾವು ಬೇರೆ ವಿಷಯ ಎತ್ತಿಕೊಂಡಿದ್ದೇವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆ ಯಾವ ಊರಿಗೆ ಹೋದರೂ ಒಂದು ಟ್ರಸ್ಟ್, ಒಂದು ಯುವಕ ಮಂಡಳ, ಒಂದು ಜೀರ್ಣೋದ್ಧಾರ ಕಮಿಟಿ ಇದ್ದೇ ಇರುತ್ತದೆ. ಅವಕ್ಕೆ ಸಮುದಾಯ ಭವನಕ್ಕೆಂದು, ಶಾಲೆಗೆಂದು, ಗೋಶಾಲೆಗೆಂದು ಸರಕಾರದ ರೊಕ್ಕ ಬರುತ್ತದೆ. ರೊಕ್ಕ ಬಂದ ಸುದ್ದಿ ಊರಿಗೆಲ್ಲ ಗೊತ್ತಾಗುತ್ತದೆ, ಖರ್ಚಾದ ಸುದ್ದಿ ಮಾತ್ರ ಕಮಿಟಿಯ ನಾಲ್ಕು ಮಂದಿಯಲ್ಲೇ ಉಳಿಯುತ್ತದೆ. ಯಾರಾದರೂ ಕೇಳಿದರೆ "ಧರ್ಮದ ಕೆಲಸಕ್ಕ ಲೆಕ್ಕ ಏನ್ ಕೇಳ್ತೀರಿ" ಅಂತ ಬಾಯಿ ಮುಚ್ಚಿಸುತ್ತಾರೆ. ಆದರೆ ಲೆಕ್ಕ ಕೇಳುವುದು ಈ ಕಡೆ ಹೊಸದೇನಲ್ಲ.

1854ರಲ್ಲಿ ಚಾರ್ಲ್ಸ್ ವುಡ್ ಎಂಬ ಇಂಗ್ಲಿಷ್ ಮಂತ್ರಿ ಕಳಿಸಿದ ಪತ್ರದಿಂದ ಖಾಸಗಿ ಶಾಲೆಗಳಿಗೆ ಸರಕಾರದ ಸಹಾಯಧನ ಕೊಡುವ ಪದ್ಧತಿ ನಮ್ಮ ದೇಶದಲ್ಲಿ ಆರಂಭವಾಯಿತು. ರೊಕ್ಕ ತಗೊಂಡ ಶಾಲೆ ಸರಕಾರದ ತಪಾಸಣೆಗೆ ಬಾಗಿಲು ತೆರೆಯಬೇಕು ಎಂಬ ಷರತ್ತು ಅಂದೇ ಇತ್ತು. ನಮ್ಮ ಜಿಲ್ಲೆ ಆಗ ಮುಂಬೈ ಇಲಾಖೆಗೆ ಸೇರಿತ್ತು. ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆಂದರೆ ಗೋಡೆಗೆ ಸುಣ್ಣ ಬಳಿಯುತ್ತಿದ್ದ ಕಥೆ ನಮ್ಮ ಅಜ್ಜಂದಿರ ಬಾಯಲ್ಲಿ ಕೇಳಿದ್ದೇವೆ.

ಸಹಕಾರ ಸಂಘಗಳ ಲೆಕ್ಕ ಇನ್ನೂ ಬಿಗಿ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯದೆಯಲ್ಲೇ ಪ್ರತಿ ಸಂಘದ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ರಜಿಸ್ಟ್ರಾರರು ತಪಾಸಣೆ ಮಾಡಬೇಕೆಂದು ಬರೆದರು. ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ವಿಜಾಪುರದಲ್ಲಿ ವಕೀಲ ಫ. ಗು. ಹಳಕಟ್ಟಿಯವರು 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ ಆರಂಭಿಸಿ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕ್ ಸ್ಥಾಪಿಸಿದರು. ಒಬ್ಬರೇ ಮನುಷ್ಯ, ಒಂದು ಕೈಯಲ್ಲಿ ಧರ್ಮದ ಸಂಸ್ಥೆ, ಇನ್ನೊಂದು ಕೈಯಲ್ಲಿ ಸಹಕಾರ ಸಂಸ್ಥೆ. ವಚನದ ತಾಡೋಲೆ ಹುಡುಕುತ್ತ ಊರೂರು ತಿರುಗಿದವರೆಂದು ಅವರನ್ನು ನೆನೆಯುತ್ತೇವೆ, ಬ್ಯಾಂಕ್ ಕಟ್ಟಿದ್ದನ್ನು ಮರೆಯುತ್ತೇವೆ.

ಧರ್ಮದ ಸಂಸ್ಥೆಗಳಿಗೆ ಗಟ್ಟಿ ಕಾಯದೆ ಬಂದದ್ದು 1950ರಲ್ಲಿ. ಅದು ಮುಂಬೈ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯದೆ. ಗುಡಿ, ಮಠ, ದರ್ಗಾ, ದವಾಖಾನೆ, ಶಾಲೆ, ಯಾವ ಜಾತಿ ಧರ್ಮದ ಟ್ರಸ್ಟ್ ಇದ್ದರೂ ನೋಂದಣಿ ಮಾಡಿಸಬೇಕು, ಲೆಕ್ಕವಿಡಬೇಕು, ಆಡಿಟ್ ಮಾಡಿಸಬೇಕು. ಮೇಲೆ ನೋಡಿಕೊಳ್ಳಲು ಚಾರಿಟಿ ಕಮಿಷನರ್. ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. 1954ರಲ್ಲಿ ಕೋರ್ಟು ಒಂದೆರಡು ಕಲಂ ಕಿತ್ತು, ಉಳಿದ ಕಾಯದೆಯನ್ನು ಎತ್ತಿಹಿಡಿಯಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದರೂ ವಿಜಾಪುರ, ಬೆಳಗಾವಿ, ಧಾರವಾಡ, ಕಾರವಾರ ಕಡೆ ಇದೇ ಕಾಯದೆ ನಡೆಯಿತು. ಹಳೇ ಮೈಸೂರಿನವರಿಗೆ ಇಂಥದ್ದು ಇರಲಿಲ್ಲ. ಈ ಒಂದು ವಿಷಯದಲ್ಲಿ ನಾವೇ ಮುಂದಿದ್ದೆವು ಅನ್ನಲು ಅಡ್ಡಿಯಿಲ್ಲ.

2003ರ ಮೇ 1ರಿಂದ ರಾಜ್ಯದ 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯದೆ ಜಾರಿಯಾಯಿತು. ನಮ್ಮ ಭಾಗದ ಮುಂಬೈ ಕಾಯದೆ ಅದರೊಂದಿಗೆ ರದ್ದಾಯಿತು. ಹೊಸ ಕಾಯದೆ ಗುಡಿಗಳಿಗೆ. ಮಠಗಳನ್ನು ಹೊರಗಿಟ್ಟಿತು, ಶಾಲೆ-ದವಾಖಾನೆಯ ಸಾದಾ ಟ್ರಸ್ಟುಗಳನ್ನು ಮುಟ್ಟಲಿಲ್ಲ. ಹೀಗೆ 50 ವರ್ಷ ಕಾಯ್ದ ಬೇಲಿ ಬಿತ್ತು. ಮುಂದೆ ಐದೇ ವರ್ಷಕ್ಕೆ, 2008ರಿಂದ, ರಾಜ್ಯದ ಬಜೆಟ್ಟಿನಲ್ಲಿ ಮಠಮಾನ್ಯಗಳಿಗೆ ಹೆಸರು ಹಿಡಿದು ಕೋಟಿಗಟ್ಟಲೆ ಅನುದಾನ ಕೊಡುವ ರೂಢಿ ಬೆಳೆಯಿತು. ಕೊಟ್ಟಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಈ ಭಾಗದ ಬಡವರ ಮಕ್ಕಳು ಮಠದ ಅನ್ನ ಉಂಡು ಓದಿದ್ದಾರೆ. ಆದರೆ ಬೇಲಿ ಬಿದ್ದ ಮೇಲೆ ನೀರು ಹೆಚ್ಚು ಬಿಟ್ಟರು ಎನ್ನುವುದೂ ಖರೆ.

ಸಂಸದರ ಪ್ರದೇಶಾಭಿವೃದ್ಧಿ ನಿಧಿ 1993ರ ಡಿಸೆಂಬರ್ 23ರಂದು ಆರಂಭವಾಯಿತು. ಮೊದಲ ವರ್ಷ ಒಬ್ಬರಿಗೆ 5 ಲಕ್ಷ, 2011ರಿಂದ 5 ಕೋಟಿ. ಇದರಲ್ಲಿ ಟ್ರಸ್ಟಿಗೂ ಕೊಡಬಹುದು. ಟ್ರಸ್ಟ್ ಹುಟ್ಟಿ ಮೂರು ವರ್ಷವಾಗಿರಬೇಕು, ಸಂಸದರ ಮನೆಯವರು ಅದರಲ್ಲಿ ಹುದ್ದೆಯಲ್ಲಿರಬಾರದು ಎಂಬ ಷರತ್ತುಗಳನ್ನೂ ಹಾಕಿದರು. ಷರತ್ತು ಚಲೋ ಅದಾವ. ನಡೆದಾವೋ ಇಲ್ಲೋ ಅಂತ ನೋಡೋರು ಬೇಕಲ್ಲ!

ನಮ್ಮ ಸೀಮೆಯ ಒಂದು ಊರಲ್ಲಿ, ಹೆಸರು ಬೇಡ, ಒಂದು ಟ್ರಸ್ಟಿಗೆ ಸಮುದಾಯ ಭವನದ ಅನುದಾನ ಬಂತು. ಗೋಡೆ ಎದ್ದವು, ಅನುದಾನದ ಹೆಸರಿನ ಕಲ್ಲು ಕೂತಿತು, ಛತ್ತು ಬೀಳಲಿಲ್ಲ. ಎರಡು ಮಳೆಗಾಲ ಹೋದವು. ಒಳಗೆ ಜಾಲಿ ಬೆಳೆಯಿತು, ಆಡು ಕಟ್ಟುವವರು ಕಟ್ಟಿದರು. ಹುಡುಗರು ಕಮಿಟಿಯವರನ್ನು ಕೇಳಿದರೆ "ನೀವ್ಯಾರು ಕೇಳೋರು, ಆಡಿಟ್ ಆಗ್ಯದ" ಎಂಬ ಉತ್ತರ. ಆಗ ಹಿರಿಯರೊಬ್ಬರು ಹೇಳಿದರು: "ತಮ್ಮಾ, ತಗೊಂಡೋರನ್ನ ಕೇಳಬ್ಯಾಡ್ರಿ, ಕೊಟ್ಟೋರನ್ನ ಕೇಳ್ರಿ." ಹತ್ತು ರೂಪಾಯಿ ಶುಲ್ಕ ಕಟ್ಟಿ, 2005ರ ಮಾಹಿತಿ ಹಕ್ಕು ಕಾಯದೆಯಡಿ, ಅನುದಾನ ಕೊಟ್ಟ ಕಚೇರಿಗೇ ಅರ್ಜಿ ಹಾಕಿದರು. ಮಂಜೂರಾತಿ ಆದೇಶ, ಷರತ್ತು, ಅಳತೆ ಪುಸ್ತಕ, ಹಣ ಬಳಕೆ ಪ್ರಮಾಣಪತ್ರ, ಇಷ್ಟರ ನಕಲು ಕೇಳಿದರು. ಪ್ರಮಾಣಪತ್ರದಲ್ಲಿ ಕೆಲಸ ಪೂರ್ಣವೆಂದು ಬರೆದಿತ್ತು. ಛತ್ತಿಲ್ಲದ ಭವನ ಕಾಗದದ ಮೇಲೆ ಪೂರ್ಣವಾಗಿತ್ತು.

ಆ ಹಿರಿಯರ ಮಾತಿಗೆ ಕಾನೂನಿನ ಬಲವೂ ಇದೆ. ಮಹಾಲೇಖಪಾಲರ 1971ರ ಕಾಯದೆಯ 14ನೇ ಕಲಮಿನಂತೆ ವರ್ಷಕ್ಕೆ 25 ಲಕ್ಷಕ್ಕೆ ಕಡಿಮೆಯಿಲ್ಲದ, ಸಂಸ್ಥೆಯ ಖರ್ಚಿನ ಮುಕ್ಕಾಲಿಗೆ ಕಡಿಮೆಯಿಲ್ಲದ ಅನುದಾನ ಪಡೆದರೆ ಅದರ ಲೆಕ್ಕ ತಪಾಸಣೆಗೆ ಬರುತ್ತದೆ. ನಮ್ಮ ಸಣ್ಣ ಟ್ರಸ್ಟುಗಳು ಅಷ್ಟಕ್ಕೆ ಸಿಗುವುದಿಲ್ಲ. ಆದರೆ 15ನೇ ಕಲಮು ನಿರ್ದಿಷ್ಟ ಕೆಲಸಕ್ಕೆಂದು ಕೊಟ್ಟ ಅನುದಾನದ ಬಗ್ಗೆ ಬೇರೆ ಪ್ರಶ್ನೆ ಕೇಳುತ್ತದೆ: ಷರತ್ತು ಪೂರೈಸಿದೆಯೆಂದು ಕೊಟ್ಟ ಅಧಿಕಾರಿ ಹೇಗೆ ಖಾತ್ರಿ ಮಾಡಿಕೊಂಡರು? ಸಹಿ ಮಾಡಿದವರು ಜಾಗಕ್ಕೆ ಬಂದು ಕಣ್ಣಾರೆ ನೋಡಿದರೋ, ಟೇಬಲ್ ಮೇಲೆ ಬಂದ ಕಾಗದಕ್ಕೆ ಗುದ್ದಿದರೋ ಎಂದು.

ನೋಂದಾಯಿತ ಮಂಡಳಗಳಿಗೆ 1960ರ ಸಂಘಗಳ ನೋಂದಣಿ ಕಾಯದೆ ಇದೆ. ವರ್ಷದ ಲೆಕ್ಕಪತ್ರ, ಆಡಳಿತ ಮಂಡಳಿಯ ಹೆಸರು ಸಲ್ಲಿಸಬೇಕು. ಸದಸ್ಯರಲ್ಲಿ ಮೂರರಲ್ಲಿ ಒಂದು ಪಾಲು ಮಂದಿ ಕೇಳಿದರೆ ವಿಚಾರಣೆ ನಡೆಸಬಹುದು. ಇದನ್ನು ನೋಡಿಕೊಳ್ಳುವ ಜಿಲ್ಲಾ ರಜಿಸ್ಟ್ರಾರರು ನಮ್ಮ ಸಹಕಾರ ಇಲಾಖೆಯವರೇ, ಇದು ಬಹಳ ಮಂದಿಗೆ ಗೊತ್ತಿಲ್ಲ. ನಮ್ಮ ಸಂಘದ ಅಡಾವೆ ಪತ್ರಿಕೆ ಹೋಗುವ ಇಲಾಖೆಗೇ ಯುವಕ ಮಂಡಳದ ಲೆಕ್ಕವೂ ಹೋಗಬೇಕು. ವ್ಯತ್ಯಾಸ ಇಷ್ಟೇ: ನಮ್ಮ ಅಡಾವೆಯನ್ನು ಮಹಾಸಭೆಯಲ್ಲಿ ಓದುತ್ತಾರೆ, ಒಂದು ಗೊಬ್ಬರದ ಚೀಲ ಹೆಚ್ಚುಕಡಿಮೆಯಾದರೂ ಎದ್ದು ನಿಂತು ಕೇಳುವ ಸದಸ್ಯರಿದ್ದಾರೆ. ಮಂಡಳದಲ್ಲಿ ಸದಸ್ಯರ ಯಾದಿಯೇ ಅಧ್ಯಕ್ಷರ ಮನೆಯ ರೇಷನ್ ಕಾರ್ಡಿನಂತಿರುತ್ತದೆ.

2013ರ ಅಕ್ಟೋಬರ್‌ನಲ್ಲಿ ಕೇರಳದ ತಲಪ್ಪಾಲಂ ಸಹಕಾರ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸರಕಾರದ ರೊಕ್ಕ ಗಣನೀಯವಾಗಿ ಇಲ್ಲದ ಸಹಕಾರ ಸಂಘ ಮಾಹಿತಿ ಹಕ್ಕಿನಡಿ ಬರುವುದಿಲ್ಲವೆಂದಿತು. 2019ರ ಸೆಪ್ಟೆಂಬರ್ 17ರಂದು ಡಿ.ಎ.ವಿ. ಕಾಲೇಜು ಟ್ರಸ್ಟಿನ ಪ್ರಕರಣದಲ್ಲಿ, ಗಣನೀಯ ಎಂದರೆ ಅರ್ಧಕ್ಕಿಂತ ಹೆಚ್ಚೇ ಆಗಬೇಕೆಂದಿಲ್ಲ, ಸರಕಾರ ಸೋವಿಯಲ್ಲಿ ಕೊಟ್ಟ ಜಾಗವೂ ಲೆಕ್ಕಕ್ಕೆ ಬರುತ್ತದೆ ಎಂದಿತು. ಸರಕಾರಿ ಗೈರಾಣದಲ್ಲಿ ಕಟ್ಟಡ ಎಬ್ಬಿಸಿದ ಟ್ರಸ್ಟುಗಳು ಇದನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಆ ಊರಿನ ಹುಡುಗರು ನಕಲು ಪ್ರತಿಯನ್ನು ಚಾವಡಿಯ ಗೋಡೆಗೆ ಅಂಟಿಸಿದರು. ಯಾರೂ ಬೈಯಲಿಲ್ಲ, ಘೋಷಣೆ ಕೂಗಲಿಲ್ಲ. ಸಂತೆಯ ದಿನ ಮಂದಿ ನಿಂತು ಓದಿದರು, ಓದಲು ಬಾರದವರು ಓದಿಸಿ ಕೇಳಿದರು. ಹದಿನೈದು ದಿನಕ್ಕೆ ಕಚೇರಿಯಿಂದ ಜೀಪು ಬಂತು, ಟೇಪು ಹಿಡಿದು ಅಳೆದರು. ದೀಪಾವಳಿ ಹೊತ್ತಿಗೆ ಸೆಂಟ್ರಿಂಗ್ ಹೊಡೆಯುವ ಸಪ್ಪಳ ಕೇಳಿಸಿತು.