ರಾಕ್ ಸಂಗೀತದಲ್ಲಿ ಗಿಟಾರ್ ವಾದಕನ ಸ್ವರಗಳ ಆಯ್ಕೆ: 1964–1970

ರಾಕ್ ಸಂಗೀತದಲ್ಲಿ ರಿಫ್ ಎಂದರೆ ಮತ್ತೆ ಮತ್ತೆ ಆವರ್ತಿಸುವ ಕಿರಿದಾದ ಸ್ವರಪಂಕ್ತಿ. ಅದರ ಮೇಲೆ ಗಿಟಾರ್ ವಾದಕನು ತನ್ನ ಮನೋಧರ್ಮಕ್ಕೆ ಒಪ್ಪುವಂತೆ ನುಡಿಸುವ ಭಾಗವನ್ನು ಸೋಲೋ ಎನ್ನುವರು. ಅಲ್ಲಿ ಯಾವ ಸ್ವರಗಳು ಸಲ್ಲುವುವೆಂಬುದನ್ನು ಇಂದಿನ ಬೋಧನಗ್ರಂಥಗಳು ಡೋರಿಯನ್, ಮಿಕ್ಸೋಲಿಡಿಯನ್ ಮೊದಲಾದ ಹೆಸರುಗಳಿಂದ ವಿಧಿಸುತ್ತವೆ. ಈ ಹೆಸರುಗಳನ್ನು ಮೊದಲ ತಲೆಮಾರಿನ ವಾದಕರ ಮೇಲೆ ಹೊರಿಸುವುದು ಇತಿಹಾಸದೃಷ್ಟಿಗೆ ಸಮ್ಮತವಾಗದು. ಅವರ ಸ್ವಾತಂತ್ರ್ಯದ ಒಂದು ಮೂಲವನ್ನು ವಿದ್ಯುದ್ಯಂತ್ರದಲ್ಲಿಯೇ ಹುಡುಕಬೇಕು.

1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡವು ‘ಯೂ ರಿಯಲಿ ಗಾಟ್ ಮಿ’ ಗೀತವನ್ನು ಹೊರತಂದಿತು. ಅದಕ್ಕಾಗಿ ಡೇವ್ ಡೇವಿಸ್ ಅವರು ತಮ್ಮ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ ಒರಟಾದ ನಾದವನ್ನು ಪಡೆದರು. (ಅಮೆರಿಕದಲ್ಲಿ ಲಿಂಕ್ ರೇ 1958ರಲ್ಲಿಯೇ ಇಂಥ ನಾದವನ್ನು ಕೇಳಿಸಿದ್ದರು.) ಹೀಗೆ ವಿಕೃತಗೊಂಡ ನಾದದಲ್ಲಿ ಷಡ್ಜ, ಗಾಂಧಾರ, ಪಂಚಮಗಳನ್ನು ಒಮ್ಮೆಗೇ ಮೀಟಿದರೆ, ಅವುಗಳ ಕಂಪನಸಂಖ್ಯೆಗಳ ಮೊತ್ತ ಮತ್ತು ಅಂತರಗಳಿಂದ ಹೊಸ ಧ್ವನಿಗಳು ಹುಟ್ಟಿ ಎಲ್ಲವೂ ಕಲಸಿಹೋಗುತ್ತದೆ, ಷಡ್ಜ ಪಂಚಮಗಳೆರಡೇ ಆದರೆ ನಾದ ಗಟ್ಟಿಯಾಗಿ ನಿಲ್ಲುತ್ತದೆ. ಗಾಂಧಾರವನ್ನು ಬಿಟ್ಟ ಇಂಥ ಜೋಡಿಸ್ವರಗಳೇ ರೂಢಿಗೆ ಬಂದವು. ಆದರೆ ಪಾಶ್ಚಾತ್ಯರಲ್ಲಿ ಮೇಜರ್, ಮೈನರ್ ಎಂಬ ಭೇದವನ್ನು ತಿಳಿಸುವ ಸ್ವರ ಗಾಂಧಾರವೇ ಅಲ್ಲವೆ? ಅದು ಮೌನವಾದಾಗ ವಾದಕನ ಸ್ಥಿತಿ ತಂಬೂರಿಯ ಮುಂದೆ ಕುಳಿತ ಗಾಯಕನ ಸ್ಥಿತಿಯನ್ನು ಹೋಲುತ್ತದೆ: ಆಧಾರವುಂಟು, ನಿರ್ಬಂಧ ಕಡಮೆ.

ರಿಫ್ಫೇ ಗಾಂಧಾರವನ್ನು ನುಡಿದಾಗಲೂ ವಾದಕರು ಅದಕ್ಕೆ ಕಟ್ಟುಬೀಳಲಿಲ್ಲ. ಕ್ರೀಮ್ ತಂಡದ ‘ಸನ್‌ಷೈನ್ ಆಫ್ ಯುವರ್ ಲವ್’ (1967) ಇದಕ್ಕೆ ಒಳ್ಳೆಯ ನಿದರ್ಶನ. ಜ್ಯಾಕ್ ಬ್ರೂಸ್ ರಚಿಸಿದ ಈ ರಿಫ್ ಷಡ್ಜದಿಂದ ಕೈಶಿಕಿ ನಿಷಾದವನ್ನು ಮುಟ್ಟಿ, ಪಂಚಮದಿಂದ ಪ್ರತಿಮಧ್ಯಮ, ಶುದ್ಧಮಧ್ಯಮಗಳ ಮೂಲಕ ಇಳಿದು, ಸಾಧಾರಣ ಗಾಂಧಾರವನ್ನು ತೋರಿಸಿ ಷಡ್ಜಕ್ಕೆ ಮರಳುತ್ತದೆ. ಎರಡು ಮಧ್ಯಮಗಳು ಒಂದರ ಹಿಂದೊಂದು ಬರುವುದು ನಮ್ಮ ಕಿವಿಗೆ ವಿಚಿತ್ರವೆನಿಸಬಹುದು. ಬ್ಲೂಸ್ ಪದ್ಧತಿಯಲ್ಲಿ ಅದು ಸಹಜ. ಇದರ ಮೇಲೆ ಎರಿಕ್ ಕ್ಲಾಪ್ಟನ್ ಅವರು ‘ಬ್ಲೂ ಮೂನ್’ ಎಂಬ ಹಳೆಯ ಗೀತದ ಮೊದಲ ಸಾಲಿನ ಧಾಟಿಯಿಂದ ಸೋಲೋವನ್ನು ಆರಂಭಿಸಿ, ಎರಡು ಗಾಂಧಾರಗಳನ್ನೂ ಬಳಸುತ್ತಾರೆ. ಧ್ವನಿಮುದ್ರಿಕೆಗಳನ್ನು ಕೇಳಿ ಕಲಿತ ಈ ವಾದಕರಿಗೆ ನೀಗ್ರೋ ಗಾಯಕರ ಬ್ಲೂಸ್ ಗಾಯನವೇ ಪ್ರಮಾಣ. ಅಲ್ಲಿ ಗಾಂಧಾರವು ಎರಡು ಸ್ಥಾನಗಳ ನಡುವೆ ಜಾರುವ ಸ್ವರ.

ಇನ್ನೊಂದು ಪ್ರವಾಹ ಜಾಸ್ ಸಂಗೀತದಿಂದ ಬಂದಿತು. ಬರ್ಡ್ಸ್ ತಂಡದ ‘ಏಟ್ ಮೈಲ್ಸ್ ಹೈ’ (1966) ಗೀತದಲ್ಲಿ ರೋಜರ್ ಮೆಗ್ವಿನ್ ಅವರು ಹನ್ನೆರಡು ತಂತಿಯ ಗಿಟಾರಿನ ಮೇಲೆ ಜಾನ್ ಕೋಲ್ಟ್ರೇನರ ‘ಇಂಡಿಯಾ’ ಕೃತಿಯ ಸ್ವರಗಳನ್ನು ಅನುಸರಿಸಿದರು. ಕೋಲ್ಟ್ರೇನರಿಗೆ ರವಿಶಂಕರರಲ್ಲಿದ್ದ ಆದರವು ಸುವಿದಿತ. ಭಾರತದ ಸಂಬಂಧ ಇಲ್ಲಿ ಹೋಲಿಕೆ ಮಾತ್ರವಲ್ಲ, ನಿಜವಾದ ಪ್ರಭಾವ.

ಸಾಂಟಾನಾ ತಂಡದ ‘ಓಯೇ ಕೋಮೋ ವಾ’ (1970) ಗೀತದಲ್ಲಾದರೋ ಆಯ್ಕೆ ಅಷ್ಟು ಮುಕ್ತವಲ್ಲ. ಹಿಮ್ಮೇಳದ ಎರಡು ಸ್ವರಮೇಳಗಳು ಸಾಧಾರಣ ಗಾಂಧಾರದೊಡನೆ ಚತುಶ್ರುತಿ ಧೈವತವನ್ನೂ ನುಡಿಯುವುದರಿಂದ ಡೋರಿಯನ್ ಶ್ರೇಣಿ ತಾನಾಗಿಯೇ ಒದಗುತ್ತದೆ. ಅದರ ಸ್ವರಗಳು ನಮ್ಮ ಖರಹರಪ್ರಿಯ ಮೇಳದವೇ. ಆದರೆ ಆ ರಾಗದ ಗಮಕವನ್ನಾಗಲಿ ಸಂಚಾರವನ್ನಾಗಲಿ ಅಲ್ಲಿ ನಿರೀಕ್ಷಿಸಬಾರದು.